ಐದು ಪ್ರಶ್ನೆಗೆ ಮೂವತ್ತೊಂದು ರುಜು

ಸೋಮವಾರ,
ಮೊದಲ ಪಾಳಿ ಮುಗಿದು, ಮಧ್ಯಾಹ್ನ ಮೂರು ಗಂಟೆ

ಹೆತ್ತ ತಾಯಿಯನ್ನೇ ಕಳ್ಳಿ ಎಂದು ಹೊರಗೆ ಹಾಕಿದ ನನ್ನ ಮುದ್ದು ಮಗಳಿಗೆ,

ಸಿಟ್ಟಾಗಬೇಡ ಕಣೇ. ಈ ಒಂದು ಸಾಲು ಬರೆಯುವ ಸುಖಕ್ಕೆ ನಾನು ಮೂರು ದಿನದಿಂದ ಕಾದಿದ್ದೇನೆ.

ನಿನ್ನ ಕಾಗದ ಬಂತು. ಜೊತೆಗೆ ನಿನ್ನ ಕಂಪನಿಯ ಒಪ್ಪಂದ ಪತ್ರವೂ ಬಂತು. ನಾನು ರುಜು ಹಾಕಬೇಕಾದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸಿದ್ದೀಯ. ಅಮ್ಮನಿಗೆ ಕಣ್ಣು ಮಂಜು ಅಂತಲೋ, ಅಮ್ಮ ಓದದೆ ರುಜು ಹಾಕಲಿ ಅಂತಲೋ, ತಿಳಿಯಲಿಲ್ಲ. ಮೊದಲನೆಯದೇ ಇರಬೇಕು ಎಂದು ನಂಬಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ರುಜು ಬಿದ್ದಿದೆ. ಕಾಗದ ಇದರ ಜೊತೆಗೇ ಇದೆ. ಆದರೆ ಈ ಪತ್ರ ಮುಗಿಸುವ ತನಕ ಅದರ ಮಡಿಕೆ ಬಿಚ್ಚಬೇಡ.

ನಿನ್ನ ಕಡೆಯಿಂದ ನಡೆದದ್ದನ್ನೆಲ್ಲ ನೀನು ಬರೆದಿದ್ದೀಯ. ಈಗ ನನ್ನ ಕಡೆಯದು ಕೇಳು.

ನಾನು ಮೊಬೈಲಿನಲ್ಲಿ ಚೆಸ್ ಆಡುತ್ತೇನೆ ಅನ್ನುವುದು ನಿನಗೆ ಗೊತ್ತಿತ್ತು. ಎಲ್ಲಿ, ಯಾವ ಹೆಸರಲ್ಲಿ ಅನ್ನುವುದು ಗೊತ್ತಿರಲಿಲ್ಲ. ಅಮ್ಮ ಮೊಬೈಲಿನಲ್ಲಿ ಏನು ಮಾಡುತ್ತಾಳೆ ಅಂತ ಕೇಳುವ ಮಕ್ಕಳು ಇನ್ನೂ ಹುಟ್ಟಬೇಕು. 'ಅರವತ್ನಾಲ್ಕು ಮನೆ' ಜಾಲತಾಣದಲ್ಲಿ ನಾನು ಆರು ವರ್ಷದಿಂದ 'ಇಸ್ತ್ರಿಪೆಟ್ಟಿಗೆ'. ನೀನು ಅಲ್ಲೇ, ನಿಯಮ ಮೀರಿದವರನ್ನು ಹೊರಗೆ ಹಾಕುವ ಕಾವಲು ಕೆಲಸಕ್ಕೆ ಸೇರಿದಾಗ ಹೇಳಿಬಿಡಬೇಕಿತ್ತು. ಕಾವಲುಗಾರ್ತಿಯ ಅಮ್ಮ ಎಂದು ಯಾರೂ ನನಗೆ ಸಲಾಮು ಹೊಡೆಯುವುದು ಬೇಡ ಅನ್ನಿಸಿ ಸುಮ್ಮನಾದೆ.

ನಾನು ಸೇರಿದ ಹೊಸತರಲ್ಲಿ ಅಲ್ಲಿ ಜನ ಪ್ರಶ್ನೆ ಕೇಳುತ್ತಿದ್ದ ರೀತಿ ನೋಡಿದರೆ ಅಳು ಬರುತ್ತಿತ್ತು. ಹಲಗೆಯ ಚಿತ್ರ ಒಂದು ಎಸೆದು, ನಾನು ಯಾಕೆ ಸೋತೆ ಹೇಳಿ ಅನ್ನುವುದು. ಸೋತೆ ಯಾಕೆಂದರೆ ಚೆನ್ನಾಗಿ ಆಡಲಿಲ್ಲ, ಇನ್ನೇನು. ಪಾಳಿಯ ನಡುವೆ ನನಗೆ ಸಿಗುವುದು ಹನ್ನೆರಡು ನಿಮಿಷದ ವಿರಾಮ. ಅಷ್ಟರಲ್ಲಿ ಒಬ್ಬರಿಗಾದರೂ ಉತ್ತರ ಹೇಳಬೇಕೆಂದರೆ ಪ್ರಶ್ನೆಗೆ ಒಂದು ಅಚ್ಚು ಬೇಕು. ಹಾಗಾಗಿ ಐದು ಪ್ರಶ್ನೆ ಬರೆದು ಹಾಕಿದೆ. ಸರದಿ ಯಾರದು? ಎದುರಿನಿಂದ ಏನು ಬರುತ್ತಿತ್ತು? ನಿನ್ನ ಕೈ ಎಲ್ಲಿಗೆ ಹೋಗುತ್ತಿತ್ತು? ನಿನಗೆ ಕಾಣದ್ದು ಪಕ್ಕದವಳಿಗೆ ಏನು ಕಂಡಿತು? ಅವಸರ ಯಾರದು? ಈ ಐದಕ್ಕೆ ನೀವೇ ಮೊದಲು ಉತ್ತರ ಬರೆದು ಆಮೇಲೆ ನಮ್ಮನ್ನು ಕೇಳಿ ಅಂದೆ. ಮುಕ್ಕಾಲು ಪಾಲು ಜನ ಬರೆಯುತ್ತಾ ಬರೆಯುತ್ತಾ ತಾವೇ ಉತ್ತರ ಕಂಡುಕೊಂಡು, ಕೇಳದೆಯೇ ಹೋಗಿಬಿಡುತ್ತಿದ್ದರು. ಬ್ರೆಡ್ಡು ಸುಡುವವನು, ಲಾರಿ ಓಡಿಸುವವನು, ನಿವೃತ್ತ ನರ್ಸಮ್ಮ, ಎಲ್ಲರೂ ಅದನ್ನು ಎತ್ತಿಕೊಂಡು ತಮ್ಮ ಆಟಕ್ಕೆ ಅಂಟಿಸಿಕೊಂಡರು. ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೈಯುತ್ತಿದ್ದೆ.

ಆಮೇಲೆ ಚೆಸ್ ಕಲಿಸುವ ನಿಮ್ಮ ಮೇಷ್ಟರು ಬಂದರು. ದುಡ್ಡು ಕೊಟ್ಟು ಸೇರುವ ಪಾಠ ಶುರು ಮಾಡಿದರು. ಅದಕ್ಕೆ 'ಪಂಚಸೂತ್ರ ಪದ್ಧತಿ' ಅಂತ ಹೆಸರು, ಕೆಳಗೆ ಅವರ ನಗುಮುಖ. ಐದು ಪ್ರಶ್ನೆಯೂ ಹಾಗ್ಹಾಗೇ. ಮನುಷ್ಯ ಕದ್ದದ್ದಕ್ಕೆ ಬೇಸರವಿಲ್ಲ, ಕದ್ದಮೇಲೆ ಅರ್ಥ ಬೇರೆ ಹೇಳಿದ್ದಾನೆ. ಪಕ್ಕದವಳು ಅಂದರೆ ನಮ್ಮೊಳಗಿನ ಅಂತರಾತ್ಮವಂತೆ. ಅದರ ಮೇಲೆ ನಲವತ್ತು ನಿಮಿಷದ ಉಪನ್ಯಾಸ. ನಮ್ಮ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇದನ್ನು ಓದಿ ಹೇಳಿದಾಗ, ಹತ್ತೊಂಬತ್ತು ವರ್ಷದಿಂದ ನನ್ನ ಪಕ್ಕದಲ್ಲೇ ನಿಂತು ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಚುವ ಸೀಟಿ ಏನಂದಳು ಗೊತ್ತೇ? 'ಸದ್ಯ, ಅಂತರಾತ್ಮ ಅಂತಾದ್ರೂ ಅಂದ್ನಲ್ಲ. ಇಲ್ಲಿ ಇಷ್ಟು ವರ್ಷ ದುಡಿದ್ರೂ ಬಡ್ತಿ ಸಿಕ್ಕಿರ್ಲಿಲ್ಲ ನಂಗೆ.'

ನಿನ್ನ ಕಂಪನಿ ಆ ಮೇಷ್ಟರ ಜೊತೆ ಕೈ ಮಿಲಾಯಿಸಿ, ಅವರ ಬರಹವನ್ನು ನಕಲು ಹಿಡಿಯುವ ಯಂತ್ರಕ್ಕೆ ಉಣಿಸಿತು. ಮೊನ್ನೆ ಮೊನ್ನೆ ನಾನು ಒಂದು ಆನೆಯ ಆಟದಲ್ಲಿ ಸಿಕ್ಕಿಬಿದ್ದು ಐದು ಪ್ರಶ್ನೆ ಬರೆದು ಕೇಳಿದೆ. ಇಪ್ಪತ್ತೇ ನಿಮಿಷ. ಕೃತಿಚೌರ್ಯದ ಕಾರಣಕ್ಕೆ ನಿಮ್ಮನ್ನು ಕಾಯಂ ಆಗಿ ಹೊರಗೆ ಹಾಕಲಾಗಿದೆ ಅಂತ ಬಂತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದು ಕೇಳಿದ್ದೆ. ಹಾವು ಗೆದ್ದಲಿಗೆ ನೋಟೀಸು ಕೊಟ್ಟದ್ದು ಇದೇ ಮೊದಲು. ಯಂತ್ರ ತೋರಿಸಿದ ಹೆಸರಿಗೆ ಗುಂಡಿ ಒತ್ತಿದ್ದು ನೀನು ಅಂತ ಆಗ ನನಗೆ ಗೊತ್ತಿಲ್ಲ. ಹೊರಗೆ ಹೋದದ್ದು ನಾನು ಅಂತ ನಿನಗೂ ಗೊತ್ತಿಲ್ಲ. ಯಾರೋ ಗೊತ್ತಿಲ್ಲದವರಿಗೆ ನಾನು ಆ ದಿನವಿಡೀ ಹಾಕಿದ ಶಾಪವೆಲ್ಲ ನಿನಗೇ ತಗುಲಿರಬೇಕು. ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ನಿನ್ನ ಹಲ್ಲು ನೋವಿನದೊಂದು ಬಿಟ್ಟು. ದಂತವೈದ್ಯರ ಹತ್ತಿರ ಹೋಗು ಅಂತ ಹೇಳಿ ಎಷ್ಟು ದಿನವಾಯಿತು.

ಆಮೇಲೆ, ನಿನ್ನೆಯಲ್ಲ, ಅದರ ಹಿಂದಿನ ಭಾನುವಾರದ ಹುನ್ನಾರ ಸೀಟಿಯದು. ಅವಳೂ ಅಲ್ಲಿ ಆಡುತ್ತಾಳೆ, ಬರೀ ಕುದುರೆ ಕುಣಿಸುತ್ತಾಳೆ, ಸೋಲುತ್ತಾಳೆ. ತನ್ನ ಹೆಸರಿನಿಂದ ಎಲ್ಲರಿಗೂ ಒಂದು ಸುದ್ದಿ ಬಿಟ್ಟಳು: ಇಸ್ತ್ರಿಪೆಟ್ಟಿಗೆಯನ್ನು ಕಳ್ಳಿ ಅಂದಿದ್ದಾರೆ, ಇವತ್ತು ನಾವೆಲ್ಲ ಕಳ್ಳರೇ. ಬೆಳಿಗ್ಗೆ ಎಂಟಕ್ಕೆ ಶುರು. ಬಂದವರೆಲ್ಲ ಐದು ಪ್ರಶ್ನೆ ಹಾಕಿ, ಕೆಳಗೆ 'ಇದನ್ನು ನಾನೂ ಕದ್ದಿದ್ದೇನೆ' ಅಂತ ಬರೆದರು. ಯಂತ್ರಕ್ಕೆ ಗೊತ್ತಿರುವುದು ಒಂದೇ ಕೆಲಸ, ಅದು ಹಿಡಿದು ಕೊಡುತ್ತಾ ಹೋಯಿತು, ನಿಮ್ಮವರು ಗುಂಡಿ ಒತ್ತಿ ಹೊರಗೆ ಹಾಕುತ್ತಾ ಹೋದರು. ಮಧ್ಯಾಹ್ನದ ಹೊತ್ತಿಗೆ ಸಾವಿರದ ಚಿಲ್ಲರೆ ಜನ ಬೀದಿಯಲ್ಲಿ. ನರ್ಸಮ್ಮ ನನಗೆ ಫೋನು ಮಾಡಿ, ತನಗಿಂತ ಲಾರಿಯವನನ್ನು ಮೊದಲು ಹೊರಗೆ ಹಾಕಿದರು, ಇದು ಅನ್ಯಾಯ, ತಾನು ಅವನಿಗಿಂತ ಮೊದಲು ಕದ್ದವಳು ಅಂತ ಜಗಳಕ್ಕೆ ನಿಂತಳು.

ಅದೇ ಹೊತ್ತಿಗೆ ನೀನು ಫೋನು ಮಾಡಿದೆ. 'ಅಮ್ಮಾ, ಊಟಕ್ಕೆ ಬರೋಕಾಗಲ್ಲ, ಯಾರೋ ತಲೆಕೆಟ್ಟವ್ರು ಸೇರ್ಕೊಂಡು ಆಫೀಸಿಗೇ ಬೆಂಕಿ ಇಟ್ಟಿದ್ದಾರೆ' ಅಂದೆ. ನಾನು ಬಾಯಿಗೆ ಟವೆಲು ಒತ್ತಿಕೊಂಡಿದ್ದೆ. ಹೌದಾ ಮಗಳೇ, ಏನಾದ್ರೂ ತಿಂದ್ಕೋ ಅಂದೆ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ನಿನಗೆ ಹೇಳಿಲ್ಲ.

ಆದರೆ ನೀನು ನನ್ನ ಮಗಳು. ಎಲ್ಲರೂ ಗುಂಡಿ ಒತ್ತುತ್ತಿದ್ದಾಗ ನೀನೊಬ್ಬಳು ಕೂತು ಹಳೆಯ ಬರಹಗಳನ್ನು ಕೆದಕಿದೆ. ಆರು ವರ್ಷ ಹಿಂದಿನ ನನ್ನ ಮೊದಲ ಬರಹ ಸಿಕ್ಕಿತು. ಅದರ ಚಿತ್ರದಲ್ಲಿ ಮಡಚುವ ಮೇಜಿನ ಮೇಲೆ ಚೆಸ್ ಹಲಗೆ, ಹಲಗೆಯ ಮೇಲೆ ಒಂದು ಕೈ, ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಕಲೆ. ಆ ಗಾಯಕ್ಕೆ ಚಿಕ್ಕಂದಿನಲ್ಲಿ ನೀನೇ ಮುಲಾಮು ಹಚ್ಚಿದ್ದೆ. ಚಿತ್ರವನ್ನು ಕಂಪನಿಯ ಯಜಮಾನರ ಮುಂದೆ ಇಟ್ಟು, ಮೇಷ್ಟರು ಬರುವ ಮೊದಲೇ ಇದು ಇಲ್ಲಿತ್ತು, ಇವರು ನನ್ನ ತಾಯಿ ಅಂದೆಯಂತೆ. ಆ ಸಾಲು ಓದಿ ನಾನು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತೆ. ಅಷ್ಟು ಸಾಕು ಆ ವಿಷಯ.

ಈಗ ಒಪ್ಪಂದಕ್ಕೆ ಬರೋಣ. ನನ್ನನ್ನು ಒಳಗೆ ಕರೆದುಕೊಳ್ಳುತ್ತಾರೆ. ಮೇಷ್ಟರ ಕೈಯಲ್ಲಿ ಕ್ಷಮೆ ಕೇಳಿಸುತ್ತಾರೆ. ನನ್ನ ಫೋಟೋ ಮುಂದಿನ ಪುಟದಲ್ಲಿ. ಬದಲಿಗೆ, ಏಳನೇ ಸಾಲಿನ ಪ್ರಕಾರ, ಈ ಐದು ಪ್ರಶ್ನೆ ರಚಿಸಿದವಳು ನಾನೊಬ್ಬಳೇ ಎಂದು ಒಪ್ಪಿ, ಎಲ್ಲ ಹಕ್ಕನ್ನೂ ಕಂಪನಿಗೆ ಕೊಡಬೇಕು. ಮುಂದೆ ಯಾರಾದರೂ ಬಳಸಬೇಕಾದರೆ ಕಂಪನಿಯ ಅನುಮತಿ ಬೇಕು. ಮಗಳೇ, ಮೇಷ್ಟರು ಜೇಬಿಗೆ ಹಾಕಿಕೊಂಡದ್ದನ್ನು ಕಿತ್ತು ನಿನ್ನ ಕಂಪನಿಯ ಯಜಮಾನರು ತಮ್ಮ ಜೇಬಿಗೆ ಹಾಕಿಕೊಳ್ಳುತ್ತಾರೆ. ನಡುವೆ ನನ್ನ ಫೋಟೋ. ನೀನು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದೀಯ. 'ಅಮ್ಮಾ, ಕೊನೆಗೂ ಒಂದು ಕಡೆ ನಿನ್ನ ಹೆಸರು ಬರತ್ತೆ' ಅಂತ ಬರೆದಿದ್ದೀಯ. ಶುಕ್ರವಾರದೊಳಗೆ ಕಾಗದ ಯಜಮಾನರ ಮೇಜಿನ ಮೇಲೆ ಇರದಿದ್ದರೆ ನನ್ನನ್ನು ಒಳಗೆ ಬಿಡುವುದಿಲ್ಲ, ನಿನ್ನ ಬಡ್ತಿಯೂ ನಿಲ್ಲುತ್ತದೆ ಅಂತಲೂ ಬರೆದಿದ್ದೀಯ. ಎರಡನ್ನೂ ಓದಿದೆ.

ಆದರೆ ಏಳನೇ ಸಾಲು ಸುಳ್ಳು. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವರಲ್ಲಿ ನಾನೂ ಒಬ್ಬಳು. ಆ ಪ್ರಶ್ನೆಗಳನ್ನು ನಾನೂ ಕದ್ದದ್ದೇ.

ನಮ್ಮ ಕಾರ್ಖಾನೆಯ ದೊಡ್ಡಕ್ಕ ನಿನಗೆ ನೆನಪಿದ್ದಾಳಲ್ಲ. ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಇಸ್ತ್ರಿ ಮಾಡುವ ಉರುಳೆ ಯಂತ್ರ ನುಂಗಿತು. ಕೆಲಸಗಾರ್ತಿಯ ಅಜಾಗರೂಕತೆ ಅಂತ ಮ್ಯಾನೇಜರ್ ಒಂದೇ ಸಾಲಿನ ವರದಿ ಬರೆದ. ಆ ಒಂದು ಸಾಲಿಗೆ ನಾವು ಮೂವತ್ತು ಹೆಂಗಸರು ಕೆಲಸ ನಿಲ್ಲಿಸಿ, ಮಡಚುವ ಮೇಜಿನ ಸುತ್ತ ಕೂತು ನಮ್ಮದೇ ವಿಚಾರಣೆ ನಡೆಸಿದೆವು. ದೊಡ್ಡಕ್ಕನಿಗೆ ಬೈಯುವುದಲ್ಲ, ಅಯ್ಯೋ ಪಾಪ ಅನ್ನುವುದೂ ಅಲ್ಲ, ಬರೀ ಕೇಳುವುದು ಅಂತ ತೀರ್ಮಾನ. ಯಂತ್ರದ ಮುಂದೆ ಸರದಿ ಯಾರದಿತ್ತು ಅಂತ ಒಬ್ಬಳು ಕೇಳಿದಳು. ಎದುರಿನಿಂದ ಏನು ಬರುತ್ತಿತ್ತು ಅಂತ ಇನ್ನೊಬ್ಬಳು. ಕೈ ಎಲ್ಲಿಗೆ ಹೋಗುತ್ತಿತ್ತು ಅಂತ ಕೇಳಿದ್ದು ನಾನು. ಪಕ್ಕದವಳಿಗೆ ಏನು ಕಂಡಿತು ಅಂದದ್ದು ಸೀಟಿ, ಯಾಕೆಂದರೆ ಪಕ್ಕದಲ್ಲಿದ್ದವಳು ಅವಳೇ, ಯಾರೂ ಅವಳನ್ನು ಕೇಳಿರಲಿಲ್ಲ.

ಆಗ ಮೇಜಿನ ಕೆಳಗಿಂದ ಒಂದು ಸಣ್ಣ ದನಿ ಬಂತು. ಆ ದಿನ ನಿನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಕರೆದುಕೊಂಡು ಬಂದಿದ್ದೆ. ನಿನಗೆ ಆರು ವರ್ಷ. ದಿಂಬಿನ ಚೀಲಗಳ ರಾಶಿಯಲ್ಲಿ ಕೂತು ಕೇಳಿದೆ: 'ದೊಡ್ಡಮ್ಮಾ, ಅಷ್ಟೊಂದು ಅವಸರ ಯಾರಿಗಿತ್ತು?'

ದೊಡ್ಡಕ್ಕ ತನಗಿರಲಿಲ್ಲ ಅಂದಳು. ಹಾಗಾದರೆ ಯಾರಿಗೆ ಅಂತ ಹುಡುಕುತ್ತಾ ಹೋದೆವು. ಉರುಳೆಯ ವೇಗವನ್ನು ಹಿಂದಿನ ವಾರವಷ್ಟೇ ಹೆಚ್ಚಿಸಿದ್ದರು, ಯಾರಿಗೂ ಹೇಳದೆ. ಆ ಒಂದು ಪ್ರಶ್ನೆಯಿಂದ ವರದಿ ತಿರುಗಿತು. ವೇಗ ಇಳಿಯಿತು, ಉರುಳೆಯ ಮುಂದೆ ತಡೆಪಟ್ಟಿ ಬಂತು, ದೊಡ್ಡಕ್ಕನಿಗೆ ಕುಳಿತು ಮಾಡುವ ಕೆಲಸ ಸಿಕ್ಕಿತು. ಅಂದಿನಿಂದ ಯಾರ ಕೈ ತರಚಿದರೂ ಅದೇ ಐದು ಪ್ರಶ್ನೆ. ವರ್ಷಗಳಾದ ಮೇಲೆ ಚೆಸ್ ಕಲಿತಾಗ ನನಗೆ ಹೊಳೆದದ್ದು ಇಷ್ಟೇ, ಕೈ ಕಳೆದುಕೊಳ್ಳುವುದಕ್ಕೂ ಮಂತ್ರಿ ಕಳೆದುಕೊಳ್ಳುವುದಕ್ಕೂ ವಿಚಾರಣೆ ಒಂದೇ. ಎತ್ತಿ ತಂದು ಹಾಕಿದೆ. ಎಲ್ಲಿಂದ ತಂದೆ ಅಂತ ಬರೆಯಲಿಲ್ಲ. ಅಷ್ಟರಮಟ್ಟಿಗೆ ನಿನ್ನ ಯಂತ್ರ ಹೇಳಿದ್ದು ನಿಜ.

ನಿನ್ನೆ ಪಾಳಿ ಬದಲಾಗುವ ಹೊತ್ತಿಗೆ ಒಪ್ಪಂದವನ್ನು ಮೇಜಿನ ಮೇಲೆ ಹರಡಿ ಎಲ್ಲರಿಗೂ ಓದಿದೆ. ನಮ್ಮಲ್ಲಿ ಒಬ್ಬಳಿದ್ದಾಳಲ್ಲ, ಮಾತೆತ್ತಿದರೆ ಕಾಯಿದೆ, ನಾವು ವಕೀಲಿ ಅನ್ನುತ್ತೇವೆ. ಅವಳು, 'ಹಾಕ್ಬಿಡೇ ರುಜು, ನಮ್ಮೋಳೊಬ್ಳ ಮುಖ ಎಲ್ಲಾದ್ರೂ ಬರ್ಲಿ' ಅಂದಳು. ಸೀಟಿ, 'ಅವಳ ಮುಖ ಬಂದ್ರೆ ಜನ ಆಟ ಬಿಟ್ಟು ಓಡ್ತಾರೆ' ಅಂದಳು. ಹಾಗೇ ಒಂದು ಗಂಟೆ ಎಳೆದಾಟ. ಕೊನೆಗೆ ದೊಡ್ಡಕ್ಕ ಪೆನ್ನು ಕೇಳಿದಳು. 'ಬೇಕಾದೋರು ತಗೊಂಡು ಹೋಗ್ಲಿ, ಯಾರೂ ಬೇಡ ಅನ್ನಲ್ಲ. ಬೇಲಿ ಹಾಕೋಕೆ ಬಂದ್ರೆ ಮಾತ್ರ ನನ್ನ ಎರಡು ಬೆರಳು ವಾಪಸ್ ಕೊಟ್ಟು ಹಾಕ್ಲಿ' ಅಂದಳು. 'ನಾನೊಬ್ಬಳೇ' ಅನ್ನುವುದನ್ನು ಹೊಡೆದು ಹಾಕಿ 'ನಾವು' ಅಂತ ಬರೆದಳು. ಹಕ್ಕು ಕೊಡುವ ಸಾಲಿಗೆ ಅಡ್ಡಗೆರೆ ಎಳೆದಳು. ಅದರ ಮೇಲೆ, ಇದನ್ನು ಯಾರು ಬೇಕಾದರೂ ಬಳಸಬಹುದು, ಯಾರೂ ತಮ್ಮದೆನ್ನಬಾರದು ಎಂದು ಬರೆಸಿದಳು. ಮೂರು ಬೆರಳಿನಲ್ಲಿ ಮೊದಲ ರುಜು ಹಾಕಿದಳು. ಆಮೇಲೆ ಎಲ್ಲರೂ. ಆ ದಿನ ಇದ್ದ ಮೂವತ್ತರಲ್ಲಿ ನಾಲ್ವರು ಈಗಿಲ್ಲ, ಅವರ ಪರವಾಗಿ ಅವರವರ ಹೆಣ್ಣುಮಕ್ಕಳು ಬಂದು ಹಾಕಿದರು. ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿದೆವು. ಯಾರೋ ಹಾಡು ಶುರು ಮಾಡಿದರು. ಎರಡನೇ ಪಾಳಿ ಒಂದೂವರೆ ಗಂಟೆ ತಡವಾಗಿ ಶುರುವಾಯಿತು. ಅವಸರ ಯಾರಿಗೂ ಇರಲಿಲ್ಲ.

ಈಗ ಮಡಿಕೆ ಬಿಚ್ಚು. ಮೂವತ್ತು ರುಜು ಇವೆ. ಮೂವತ್ತೊಂದನೆಯ ಸಾಲು ಖಾಲಿ ಇದೆ. ಅದರ ಎದುರಿಗೆ, ಐದನೇ ಪ್ರಶ್ನೆ ಕೇಳಿದವಳು ಅಂತ ದೊಡ್ಡಕ್ಕ ಬರೆಸಿದ್ದಾಳೆ. ನೀನು ನನಗೆ ಕಳಿಸಿದ್ದೆಯಲ್ಲ, ಹಾಗೆಯೇ ಒಂದು ಪೆನ್ಸಿಲ್ ಗುರುತನ್ನೂ ಹಾಕಿದ್ದೇನೆ.

ನೀನು ರುಜು ಹಾಕಿ ಶುಕ್ರವಾರ ಯಜಮಾನರ ಮೇಜಿನ ಮೇಲೆ ಇಟ್ಟರೆ ಬಡ್ತಿ ಹೋಗುತ್ತದೆ, ಕೆಲಸವೂ ಹೋಗಬಹುದು. ಹಾಕದಿದ್ದರೆ ಹಾಗೇ ವಾಪಸ್ ಕಳಿಸು, ನಾವು ಮೂವತ್ತು ಜನ ನಮ್ಮ ಪಾಡಿಗೆ ಇದನ್ನು ಕಳಿಸುತ್ತೇವೆ, ನಿನ್ನನ್ನು ಯಾರೂ ದೂರುವುದಿಲ್ಲ. ನನ್ನ ಆಣೆಗೂ ಒತ್ತಾಯವಿಲ್ಲ. ನನ್ನನ್ನು ಒಳಗೆ ಬಿಡದಿದ್ದರೆ ಬೀದಿಯಲ್ಲಿ ಸಾವಿರ ಜನ ಜೊತೆಗಿದ್ದಾರೆ, ನರ್ಸಮ್ಮ ಆಗಲೇ ಹೊಸ ಜಾಗ ಹುಡುಕುತ್ತಿದ್ದಾಳೆ. ನಿನ್ನ ಹೆಸರು ಎಲ್ಲಿ ಬರಬೇಕು ಅನ್ನುವುದನ್ನು ನೀನೇ ತೀರ್ಮಾನ ಮಾಡು. ನಿಧಾನವಾಗಿ ಮಾಡು.

ಇಂತಿ ನಿನ್ನ ಅಮ್ಮ,
ಇಸ್ತ್ರಿಪೆಟ್ಟಿಗೆ
(ಸದ್ಯಕ್ಕೆ ಗಡೀಪಾರು)

ಮರೆತ ಮಾತು: ಮೇಷ್ಟರ ಪಾಠ ನನ್ನ ಕಣ್ಣಿಗೆ ಹೇಗೆ ಬಿತ್ತು ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅವರು ಜಾಲತಾಣದ ಹೊರಗೆ, ಊರಿನಲ್ಲೇ ನಡೆಸುವ ತರಗತಿಗೆ ನಾನು ಐದು ತಿಂಗಳಿಂದ ವಿದ್ಯಾರ್ಥಿನಿ. ಮೊದಲ ಸಾಲಿನಲ್ಲೇ ಕೂರುತ್ತೇನೆ, ಪಂಚಸೂತ್ರದ ಬಗ್ಗೆ ಕೈ ಎತ್ತಿ ಸಂಶಯವನ್ನೂ ಕೇಳಿದ್ದೇನೆ, ಪಾಪ ಬೆವೆತರು. ಏನೇ ಅನ್ನು, ಆಟದ ಕೊನೆಯಲ್ಲಿ ಒಂಟಿ ಕಾಲಾಳನ್ನು ದಡ ಮುಟ್ಟಿಸುವುದನ್ನು ಆ ಮನುಷ್ಯನಷ್ಟು ಚೆನ್ನಾಗಿ ಹೇಳಿಕೊಡುವವರು ಇನ್ನೊಬ್ಬರಿಲ್ಲ. ಇನ್ನೂ ಎರಡು ಪಾಠ ಬಾಕಿ ಇದೆ. ಕ್ಷಮೆ ಕೇಳಿಸುವುದಿದ್ದರೆ ಅದು ಮುಗಿದ ಮೇಲೆ ಕೇಳಿಸಿ. ಸೀಟಿಗೆ ಮಾತ್ರ ಈ ವಿಷಯ ಹೇಳಬೇಡ.