ಒಂದೇ ಹಲಗೆಯ ಎರಡು ಪೆಟ್ಟಿಗೆ

ಕಿವಿಯಪ್ಪ,

ನಿನ್ನ ವಿಳಾಸವನ್ನು ನಾನು ಯಾರಲ್ಲೂ ಕೇಳಿಲ್ಲ, ಹಾಗಾಗಿ ಈ ಕಾಗದ ನನ್ನ ಹತ್ತಿರವೇ ಉಳಿಯುತ್ತದೆ. ಆದರೂ ಇವತ್ತಿನ ಸಮಾಚಾರವನ್ನು ನಿನ್ನಂಥ ಕಿವಿಯುಳ್ಳವನಿಗಲ್ಲದೆ ಇನ್ಯಾರಿಗೆ ಹೇಳಲಿ?

ಅಂಗೈಯಗಲದ ಕಂಪ್ಯೂಟರ್ ಒಂದನ್ನು ತಂದೆ. ಹಾಡು ನುಡಿಸುವುದು ಬಿಟ್ಟರೆ ಬೇರೇನೂ ಬಾರದ ಲಿನಕ್ಸ್ ಎಂಬ ಪುಟ್ಟ ತಂತ್ರಾಂಶವನ್ನು ಅದಕ್ಕೆ ಹಾಕಿ, ನಮ್ಮ ಹಳೆಯ ಆಂಪ್ಲಿಫೈಯರಿಗೆ ಜೋಡಿಸಿದೆ. ಫ್ಯಾನಿಲ್ಲ, ಪರದೆಯಿಲ್ಲ, ಗುಂಯ್ ಎನ್ನುವ ಸದ್ದೂ ಇಲ್ಲ. ಕೊಳಲು ಶುರುವಾಗುವ ಮೊದಲು ವಾದಕ ಉಸಿರೆಳೆದುಕೊಂಡದ್ದು ಕೇಳಿಸಿತು! ಇಷ್ಟು ವರ್ಷ ಅದು ಎಲ್ಲಿ ಅಡಗಿತ್ತು ಕಣೋ?

ಇನ್ನೊಂದು ಸೋಜಿಗ. ರೇಡಿಯೋ ಅಂಗಡಿ ನಮ್ಮಿಬ್ಬರದೂ ಆಗಿದ್ದಾಗ ಒಂದೇ ಹಲಗೆ ಕೊಯ್ದು, ಆಳಿಗೊಂದರಂತೆ ಸ್ಪೀಕರ್ ಪೆಟ್ಟಿಗೆ ಮಾಡಿದ್ದೆವಲ್ಲ, ಅವೆರಡರ ದನಿ ಬೇರೆ ಬೇರೆ. ಎಡಗಡೆಯ ನನ್ನದು ಗುಮ್ಮೆನ್ನುತ್ತದೆ. ಬಲಗಡೆಯ, ನೀನು ಬಿಟ್ಟುಹೋದ ನಿನ್ನದರಲ್ಲಿ ಕೊಳಲು ಅರಳುತ್ತದೆ. ಒಳಗೆ ಏನು ತುಂಬಿದ್ದೆ, ಹತ್ತಿಯೋ ಉಣ್ಣೆಯೋ? ಬಿಚ್ಚಿ ನೋಡೋಣವೆಂದು ಸ್ಕ್ರೂಡ್ರೈವರ್ ತಂದವನು ಹಾಗೇ ಕೆಳಗಿಟ್ಟೆ.

ಮಗಳು ಫೋನಿನಲ್ಲೇ ಆ ಪುಟ್ಟ ಕಂಪ್ಯೂಟರಿನ ಸೆಟ್ಟಿಂಗ್ ತೆರೆದಳು. "ಅಪ್ಪಾ, ಎರಡೂ ಒಂದೇ ಥರ ಕೇಳೋ ಹಾಗೆ ಮಾಡ್ಲಾ? ಸುಲಭ."

"ಬೇಡ ಕಣಮ್ಮ, ಇಬ್ಬರದೂ ಇರಲಿ," ಎಂದೆ.

ಅವಳು ಒಳಗೆ ಹೋದಳು. ನಾನು ಕುರ್ಚಿಯನ್ನು ಬಲಕ್ಕೆ ಸರಿಸಿಕೊಂಡು ಕೂತೆ.