ಎಂಜಿನ್ ಮನೆಯ ಅಳತೆ

ಬುಧವಾರ, ಮಧ್ಯಾಹ್ನ

ನನ್ನ ಮುದ್ದಿನ ಕಿವುಡಮ್ಮನಿಗೆ,

ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸುವಷ್ಟು ಜೋರಾಗಿ ಕಿರುಚಬೇಕು. ಈ ಸುದ್ದಿಯನ್ನು ಕಿರುಚಿ ಹೇಳುವ ತ್ರಾಣ ನನಗಿಲ್ಲ. ಅಕ್ಕನ ಮನೆಯಲ್ಲಿ ಮಗು ಮಲಗಿರುವಾಗ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ಮೊದಲು ಒಳ್ಳೆಯದು. ನೀನು ದುಡಿದ ಗಿರಣಿಯ ಎಂಜಿನ್ ಮನೆಯ ಬಗ್ಗೆ ನಾನು ಬರೆದ ಸಂಶೋಧನಾ ಲೇಖನ ಅಚ್ಚಾಗಿದೆ. ಹಳೆಯ ಕಾರ್ಖಾನೆಗಳ ಮೇಲೆ ಈ ವರ್ಷ ಬಂದ ಬರಹಗಳಲ್ಲಿ ಅದೇ ಮೇಲೆಂದು ಇತಿಹಾಸ ಪರಿಷತ್ತಿನವರು ಪ್ರಶಸ್ತಿಯನ್ನೂ ಕೊಟ್ಟಿದ್ದಾರೆ. ಈ ಕಟ್ಟಡದ ಬಗ್ಗೆ ಬರೆಯಲು ಇನ್ನೇನೂ ಉಳಿದಿಲ್ಲ ಎಂದು ತೀರ್ಪುಗಾರರು ಬರೆದಿದ್ದರು. ಓದಿ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅಮ್ಮಾ, ಎಂಜಿನ್ ಮನೆ ಈಗ ಇಲ್ಲ. ಹೋದ ವಾರ ಕೆಡವಿದರು. ಚಿಮಣಿಯೂ ಹೋಯಿತು. ನೀನು ಬಸ್ಸಿಳಿದು ಮನೆಯ ದಾರಿ ಹಿಡಿದಾಗ ಅದು ಕಾಣದೆ ಗಾಬರಿಯಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕಟ್ಟಡ ಕೆಡವಬೇಕಾದರೆ ಮೊದಲು ಅದರ ಪೂರ್ತಿ ದಾಖಲೆ ಆಗಿರಬೇಕು ಎಂಬ ನಿಯಮವಿದೆ. ಗಿರಣಿಯ ಜಾಗ ಕೊಂಡ ಕಂಪನಿಗೆ ಇಷ್ಟು ದಿನ ಅದೇ ಅಡ್ಡಿಯಾಗಿತ್ತು. ಅವರು ನನ್ನ ಲೇಖನವನ್ನೇ ಅರ್ಜಿಗೆ ಲಗತ್ತಿಸಿದರು. ಗೋಡೆಯ ದಪ್ಪ, ಎಂಜಿನ್ನಿನ ದೊಡ್ಡ ಗಾಲಿಯ ಸುತ್ತಳತೆ, ಒಂದೊಂದು ಬೋಲ್ಟು, ಎಲ್ಲ ನಾನೇ ಬರೆದಿಟ್ಟಿದ್ದೆನಲ್ಲ. ಅನುಮತಿ ಕೊಡುವ ಕಚೇರಿಗೆ ಓಡಿದೆ. ಅಧಿಕಾರಿ ಕೂರಿಸಿ ಟೀ ತರಿಸಿದರು. ಇಷ್ಟು ಚೆನ್ನಾಗಿ ಬರ್ದಿದೀರಲ್ಲ ಮೇಡಂ, ಇನ್ನು ಕಟ್ಟಡ ಇದ್ರೆಷ್ಟು ಬಿಟ್ರೆಷ್ಟು ಅಂದರು. ಚುಚ್ಚಿ ಆಡಿದ ಮಾತಲ್ಲ, ಮನಸಾರೆ ಹೊಗಳಿದ್ದು. ಬಾಯಿಬಡುಕಿ ಅಂತ ನೀನು ಬೈಯುವ ಈ ಮಗಳು ಟೀ ಕುಡಿದು ಎದ್ದು ಬಂದಳು.

ಕೆಡವುವ ದಿನ ಹೋಗಿ ನಿಂತಿದ್ದೆ. ಗುತ್ತಿಗೆದಾರನ ಕೈಯಲ್ಲಿ ನನ್ನ ನಕ್ಷೆ ಇತ್ತು. ಎಲ್ಲಿ ಜೋಡಣೆಯಿದೆ, ಯಾವುದನ್ನು ಮೊದಲು ಬಿಚ್ಚಬೇಕು ಎಂದು ಅದನ್ನೇ ನೋಡಿಕೊಂಡು ಆಳುಗಳಿಗೆ ಹೇಳುತ್ತಿದ್ದ. ನಕ್ಷೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಗಾಲಿ ತುಂಡುತುಂಡಾಗಿ ಲಾರಿಯಲ್ಲಿತ್ತು.

ಬಟ್ಟೆ ಗಾಲಿಗೆ ಸಿಕ್ಕೀತೆಂದು ಹೆಂಗಸರನ್ನು ಎಂಜಿನ್ ಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಜೀವಮಾನವೆಲ್ಲ ಆ ಎಂಜಿನ್ನು ಓಡಿದ ಹಾಗೆ ಮಗ್ಗದಲ್ಲಿ ಕೈ ಓಡಿಸ್ದೆ, ಕಿವೀನೂ ಕೊಟ್ಟೆ, ಅದರ ಮುಖ ಮಾತ್ರ ನೋಡ್ಲಿಲ್ಲ ಅಂತಿದ್ದೆ ನೀನು. ಗಿರಣಿ ಮುಚ್ಚಿದ ಮೇಲೂ ಒಳಗೆ ಹೋಗುವ ಅನುಮತಿ ಇದ್ದದ್ದು ನನಗೊಬ್ಬಳಿಗೇ. ಲೇಖನ ಅಚ್ಚಾದರೆ ಕಟ್ಟಡ ಉಳಿಯುತ್ತದೆ, ಎಲ್ಲರಿಗೂ ಬಾಗಿಲು ತೆಗೆಯುತ್ತಾರೆ, ಮೊದಲು ನಿನ್ನನ್ನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಅದನ್ನು ನಂಬಿ ನೀನು ಹೊಸ ಚಪ್ಪಲಿ ತಂದಿಟ್ಟುಕೊಂಡೆ.

ಪ್ರಶಸ್ತಿ ಬೇಡ ಎನ್ನೋಣವೆಂದುಕೊಂಡೆ. ಬೇಡ ಎಂದರೆ ಒಂದು ಇಟ್ಟಿಗೆಯೂ ವಾಪಸು ಬರುವುದಿಲ್ಲ. ಹೋಗಿ ತೆಗೆದುಕೊಂಡು ಬರುತ್ತೇನೆ. ನೀನು ಮಾತ್ರ ಸಮಾರಂಭಕ್ಕೆ ಬರಬೇಡ. ಅಲ್ಲಿ ಗೋಡೆಯ ತುಂಬ ಎಂಜಿನ್ನಿನ ಫೋಟೋ ಹಾಕುತ್ತಾರೆ. ನೀನು ಅದರ ಮುಖವನ್ನು ಹಾಗೆ ನೋಡುವುದನ್ನು ನನ್ನಿಂದ ನೋಡಲಾಗದು.

ಮುಂದೆ ಏನು ಕೆಲಸ ಎಂದು ನೀನು ಕೇಳಿದ್ದೆ. ಸದ್ಯಕ್ಕೆ ಏನೂ ಇಲ್ಲ. ಭಾನುವಾರ ನೀನು ಮನೆಗೆ ಬಂದಿರುತ್ತೀಯಲ್ಲ, ನಾನೂ ಬರುತ್ತೇನೆ. ನಿನ್ನ ಪಕ್ಕ ಸುಮ್ಮನೆ ಮಲಗಬೇಕು.

ನಿನ್ನ
ಬಾಯಿಬಡುಕಿ

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು: ಕೆಲಸ ಇಲ್ಲ ಎಂದದ್ದು ಸುಳ್ಳು. ಅದೇ ಕಂಪನಿಯವರು ಕರೆದಿದ್ದಾರೆ. ಗಿರಣಿ ಕಾರ್ಮಿಕರ ಮನೆಗಳ ಸಾಲನ್ನು, ನಿನ್ನ ಮನೆಯನ್ನೂ ಸೇರಿಸಿ, ಇಷ್ಟೇ ಅಚ್ಚುಕಟ್ಟಾಗಿ ದಾಖಲಿಸಿ ಕೊಡಬೇಕಂತೆ. ನಾನಿನ್ನೂ ಆಗುವುದಿಲ್ಲ ಎಂದಿಲ್ಲ. ನಾನು ಒಲ್ಲೆನೆಂದರೆ ಬೇರೆ ಯಾರೋ ಬಂದು ಅರ್ಧಂಬರ್ಧ ಬರೆದು ಹೋಗುತ್ತಾರೆ ಎಂದು ನೆನೆದರೆ ಈಗಲೂ ಕೈ ತುರಿಸುತ್ತದೆ, ನೋಡು ನನ್ನ ಬುದ್ಧಿ. ಅಳತೆಯ ಟೇಪು ಹಿಡಿದು ಯಾರೇ ಬಂದರೂ ಬಾಗಿಲು ತೆಗೆಯಬೇಡ. ಭಾನುವಾರ ನಾನು ಬಂದಾಗ ಕಿಟಕಿಯಿಂದಲೇ ನನ್ನ ಚೀಲ ಇಸಕೊಂಡು ನೋಡು, ಆಮೇಲೆ ಚಿಲಕ ತೆಗೆ.