ಕಳಸದ ಜೀಪು ಬಂದ ಮೇಲೆ ಬೆಲ್

ಮೇಷ್ಟ್ರೇ,

ಬರೆಯುತ್ತಿರುವುದು ಭಾಗೀರಥಮ್ಮ. ಹೈಸ್ಕೂಲಿಗಿಂತ ಮುಂದೆ ಓದಿದವಳಲ್ಲ. ಆದರೂ ಬಾಳೂರಿನ ಹತ್ತಿರ ನಮ್ಮ ಮಾವನವರು ಕಟ್ಟಿಸಿದ ಶಾಲೆಗೆ ಅಧ್ಯಕ್ಷೆ ನಾನೇ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಿಂದ ಹಿಡಿದು ಮೇಸ್ತ್ರಿವರೆಗೆ ನನ್ನ ಮಾತಿಗೆ ಎದುರಾಡಿದವರಿಲ್ಲ. ಎದುರಾಡಿದ್ದು ಹೆಡ್ಮಾಸ್ತರಾಗಿದ್ದ ನೀವೊಬ್ಬರೇ, ಅದೂ ದನಿ ಏರಿಸದೆ. ನೀವು ರಿಟೈರಾಗಿ ಹೋದ ಮೇಲೆ ಆ ಕೆಲಸಕ್ಕೆ ಬೇರೆ ಯಾರೂ ಸಿಕ್ಕಿರಲಿಲ್ಲ.

ನೆನಪಿದೆಯಾ, ಒಂದು ಮಳೆಗಾಲದ ಬೆಳಿಗ್ಗೆ ನಾನು ಶಾಲೆಗೆ ಬಂದಾಗ ಹೊತ್ತು ಮೀರಿದ್ದರೂ ಬೆಲ್ ಆಗಿರಲಿಲ್ಲ. ವರಾಂಡದಲ್ಲಿ ನೀವು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಿರಿ. ಗಡಿಯಾರ ಕೆಟ್ಟಿದೆಯಾ ಅಂತ ಕೇಳಿದೆ. "ಗಡಿಯಾರ ಸರಿಯಾಗಿದೆ ಅಮ್ಮಾವ್ರೇ, ಕಳಸದ ಜೀಪು ಬಂದಿಲ್ಲ" ಅಂದಿರಿ. ಟೀಚರುಗಳು ಜೀಪಿನಿಂದ ಇಳಿದು, ರೈನ್‌ಕೋಟು ಬಿಚ್ಚಿ, ಒಂದು ಲೋಟ ಬಿಸಿ ಕಾಫಿ ಕುಡಿದ ಮೇಲೆಯೇ ನಿಮ್ಮ ಬೆಲ್. ಹೀಗಾದರೆ ಶಿಸ್ತು ಎಲ್ಲಿ ಉಳಿಯುತ್ತದೆ ಅಂದೆ. ನಕ್ಕು ಮಗ್ಗಿ ಮುಂದುವರಿಸಿದಿರಿ. ಆದರೆ ನೀವಿದ್ದಷ್ಟು ಕಾಲ ದಾರಿ ಕಷ್ಟ ಅಂತ ಒಬ್ಬ ಟೀಚರೂ ಬಿಟ್ಟು ಹೋಗಲಿಲ್ಲ. ಅದನ್ನು ನಾನು ಗಮನಿಸಿದ್ದೆ. ನಿಮಗೆ ಹೇಳಲಿಲ್ಲ, ಅಷ್ಟೇ.

ಇನ್ನೊಂದು ದಿನ ಗೋಣಿಬೀಡಿನ ನಮ್ಮ ಬೀಗರು, ಮೊಮ್ಮಗನಿಗೆ ಲೆಕ್ಕದಲ್ಲಿ ಮಾರ್ಕು ಕಡಿಮೆಯಾಯಿತೆಂದು ಸುಧಾ ಟೀಚರ ಮೇಲೆ ಕೂಗಾಡಲು ಬಂದರು. ನೀವು ಸ್ಟಾಫ್ ರೂಮಿನ ಬಾಗಿಲಿಗೆ ಅಡ್ಡ ನಿಂತಿರಿ. "ನನ್ನ ಟೀಚರಿಗೆ ಹೇಳಬೇಕಾದ್ದನ್ನು ನನಗೆ ಹೇಳಿ." ಬೀಗರು ಹೋದ ಮೇಲೆ ಸುಧಾ ಟೀಚರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಿರಿ. ಬೈದಿರೋ, ಸಮಾಧಾನ ಮಾಡಿದಿರೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಹೇಳಿದ್ದೇ ದೊಡ್ಡದು.

ಈಗ ನಿಮ್ಮ ಜಾಗದಲ್ಲಿರುವ ಹೆಡ್ಮಾಸ್ತರು ಚಿಕ್ಕ ವಯಸ್ಸಿನವರು. ಬುದ್ಧಿವಂತರು, ಪ್ರಾಮಾಣಿಕರು. ಶಾಲೆಯ ಪಕ್ಕದ ಕ್ವಾರ್ಟರ್ಸಿನಲ್ಲೇ ಇರುವುದರಿಂದ ತಡವಾಗುವುದು ಅಂದರೇನೆಂದು ಅವರಿಗೆ ಗೊತ್ತಿಲ್ಲ. ಈ ಮಳೆಗಾಲ ಒಂದು ದಿನ ದಾರಿಗೆ ಮರ ಬಿದ್ದು ಜೀಪು ಬರುವಷ್ಟರಲ್ಲಿ ಪ್ರಾರ್ಥನೆ ಶುರುವಾಗಿತ್ತು. ತಡವಾಗಿ ಬಂದ ಮಕ್ಕಳನ್ನು ನಿಲ್ಲಿಸುವ ಸಾಲಿದೆಯಲ್ಲ, ಅದರಲ್ಲಿ ಜೀಪಿನಿಂದ ಎಲ್ಲರಿಗಿಂತ ಮೊದಲು ಒಳಗೆ ಬಂದ ಸುಧಾ ಟೀಚರನ್ನೂ ನಿಲ್ಲಿಸಿಬಿಟ್ಟರು. ಸೀರೆಯಿಂದ ನೀರು ಸೋರುತ್ತಿತ್ತಂತೆ. ಮಾರನೇ ದಿನ ಅವರು ರಾಜೀನಾಮೆ ಕೊಟ್ಟರು, ತಿಂಗಳು ಮುಗಿಯುವವರೆಗೆ ಮಾತ್ರ ಬರುತ್ತೇನೆಂದರು. ಜೊತೆಯ ಇಬ್ಬರು ಟೀಚರುಗಳೂ ಹೊರಡುವ ಮಾತಾಡಿದರು. ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಲು ಈ ಗುಡ್ಡಕ್ಕೆ ಇನ್ನು ಯಾರು ಬರಬೇಕು?

ಸುಧಾ ಟೀಚರನ್ನು ಮನೆಗೆ ಕರೆಸಿದೆ. ಕೂರಿ ಅಂದರೂ ಕೂರಲಿಲ್ಲ. "ನೆನೆದದ್ದಕ್ಕೆ ಬೇಜಾರಿಲ್ಲ ಅಮ್ಮಾ. ನನ್ನ ಕ್ಲಾಸಿನ ಮಕ್ಕಳು ನನ್ನ ನೋಡಿ ತಲೆ ತಗ್ಗಿಸಿದ್ರು" ಅಂದರು. ಆಡಳಿತ ಮಂಡಳಿಯಲ್ಲಿರುವ ಮೈದುನನ ಮಗ, ಹೆಡ್ಮಾಸ್ತರು ಪ್ರಾರ್ಥನೆಯಲ್ಲೇ ಕ್ಷಮೆ ಕೇಳಲಿ, ಇಲ್ಲವಾದರೆ ಗಂಟುಮೂಟೆ ಕಟ್ಟಲಿ ಅಂದ. ಹೇಳುವುದಕ್ಕೆ ಸುಲಭ. ಆದರೆ ಹೆಡ್ಮಾಸ್ತರೂ ಸಿಬ್ಬಂದಿಯೇ ಅಲ್ಲವೇ? ಅವರನ್ನೂ ಮಕ್ಕಳ ಮುಂದೆ ನಿಲ್ಲಿಸಿದರೆ ಒಂದು ತಪ್ಪಿಗೆ ಇನ್ನೊಂದು ಸೇರಿದಂತೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹೆಡ್ಮಾಸ್ತರನ್ನು ಕರೆಸಿ ನಾನೂ ಬಾಗಿಲು ಹಾಕಿಕೊಂಡೆ. ಒಳಗೆ ಆಡಿದ್ದರಲ್ಲಿ ಒಂದೇ ಮಾತು ನಿಮಗೆ ತಿಳಿಸುತ್ತೇನೆ. "ಇವತ್ತು ಕಳಸದಲ್ಲಿ ಉಳಿದುಕೊಳ್ಳಿ, ನಾಳೆ ಟೀಚರುಗಳ ಜೀಪಿನಲ್ಲಿ ಬನ್ನಿ." ಅವತ್ತು ಸಂಜೆಯೇ ಅವರು ಕಳಸಕ್ಕೆ ಹೊರಟರು.

ಮರುದಿನ ಬೆಳಿಗ್ಗೆ ನಾನೇ ಶಾಲೆಗೆ ಹೋದೆ. ಹೊತ್ತಾಯಿತೆಂದು ಬೆಲ್ ಹೊಡೆಯಲು ಹೊರಟ ಪ್ಯೂನನ್ನು ತಡೆದೆ. ಮಕ್ಕಳಿಗೆ ಮಗ್ಗಿ ಹೇಳಿಸಿದೆ. ಹದಿನೇಳರದ್ದು ನನಗೇ ತಪ್ಪಿತು, ನೀವು ಕೇಳಲಿಲ್ಲವಲ್ಲ, ಪುಣ್ಯ. ಜೀಪು ಬಂದಾಗ ಹೆಡ್ಮಾಸ್ತರ ಪ್ಯಾಂಟು ಮೊಣಕಾಲಿನವರೆಗೆ ಕೆಸರು. ಮಣ್ಣು ಕುಸಿದ ಕಡೆ ಎಲ್ಲರೂ ಇಳಿದು ತಳ್ಳಿದ್ದಂತೆ. "ಸಾರ್, ತಡವಾದೋರನ್ನ ನಿಲ್ಸೋಕೆ ನೀವಿದೀರಿ, ನಿಮ್ಮನ್ನ ನಿಲ್ಸೋರು ಯಾರು ಮಾರಾಯ್ರೇ?" ಅಂತ ಡ್ರೈವರ್ ತಮಾಷೆ ಮಾಡಿದನಂತೆ. ಯಾರೂ ನಗಲಿಲ್ಲವಂತೆ. ಆಮೇಲೆ ಹೆಡ್ಮಾಸ್ತರು ಸುಧಾ ಟೀಚರಿಗೆ ಮೆಲ್ಲಗೆ ಏನೋ ಹೇಳಿದರು. ಏನೆಂದು ನಾನು ಹೆಡ್ಮಾಸ್ತರನ್ನೇ ಕೇಳಿದೆ. "ಅದು ನಮ್ಮಿಬ್ಬರ ಮಾತು ಅಮ್ಮಾ" ಅಂದುಬಿಟ್ಟರು. ನನ್ನ ಎದುರಿಗೇ! ಸಂಜೆ ಸುಧಾ ಟೀಚರ್ ರಾಜೀನಾಮೆ ವಾಪಸ್ ತೆಗೆದುಕೊಂಡರು.

ನಮ್ಮ ಮನೆಯಾಚೆ ಯಾರಿಗೂ ಕಾಫಿ ಬಗ್ಗಿಸಿ ಕೊಟ್ಟವಳಲ್ಲ ನಾನು. ಅವತ್ತು ಎಲ್ಲರಿಗೂ ಕೊಟ್ಟೆ, ಹೆಡ್ಮಾಸ್ತರಿಗೂ. ಅವರು ಲೋಟ ಕೆಳಗಿಟ್ಟ ಮೇಲೆ ನಾನು ಹೇಳಿದ್ದು ಇಷ್ಟೇ: ಮಳೆಗಾಲದಲ್ಲಿ ಜೀಪಿನಿಂದ ಕೊನೆಗೆ ಇಳಿದವರೇ ಕಾಫಿ ಕುಡಿದು ಬೆಲ್ ಹೊಡೆಯಬೇಕು. ಆಡಳಿತ ಮಂಡಳಿಯನ್ನು ಕೇಳಿ ಮಾಡಿದ್ದಲ್ಲ, ಮಾಡಿ ತಿಳಿಸಿದ್ದು. ಅವತ್ತು ಕೊನೆಗೆ ಇಳಿದವರು ಸುಧಾ ಟೀಚರ್. ಹೊತ್ತು ಮೀರಿ ಬೆಲ್ ಹೊಡೆದರು, ಮಕ್ಕಳು ತಲೆಯೆತ್ತಿ ನೋಡಿದರು.

ಗಡಿಯಾರ ಸರಿಯಾಗಿಯೇ ಇದೆ ಮೇಷ್ಟ್ರೇ.

ಭಾಗೀರಥಮ್ಮ